ಕೆಳಗಿನಿಂದ ನಾಲ್ಕನೆಯವರು

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿವರ್ಷ ಕೊನೆಯ ಮೂರು ತಂಡಗಳಿಗೆ ಕೆಳಗಿನ ಲೀಗ್‌ಗೆ ಹಿಂಬಡ್ತಿ. ಹಾಗಾಗಿ 2023ರ ಏಪ್ರಿಲ್ ಬರುತ್ತಿದ್ದಂತೆ ಎವರ್ಟನ್ ತಂಡದ ಅಭಿಮಾನಿ ಶಾನುಭೋಗನಾಗಿಬಿಟ್ಟಿದ್ದ. ತನ್ನವರು ಗೆಲ್ಲುತ್ತಾರೆಂಬ ಭ್ರಮೆ ಅವನಿಗಿರಲಿಲ್ಲ; ಲೀಡ್ಸ್ ಸೋಲಬೇಕು, ಲೆಸ್ಟರ್ ಮುಗ್ಗರಿಸಬೇಕು, ಇವರು ಹೇಗೋ ಒಂದು ಡ್ರಾ ಗಿಟ್ಟಿಸಬೇಕು, ಅಷ್ಟೇ. 40 ಅಂಕ ಬಂದರೆ ಬಚಾವ್ ಅಂತ ಹಿರಿಯರ ವಾಕ್ಯವಿದೆಯಲ್ಲ! 2003ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಗಳಿಸಿಯೂ ಕೆಳಗಿಳಿದದ್ದನ್ನು ಮಾತ್ರ ಅವನೆದುರು ಎತ್ತುವಂತಿರಲಿಲ್ಲ. ತಕ್ಷಣ 2005ರ ವೆಸ್ಟ್ ಬ್ರಾಮ್ ಪುರಾಣ ಬಿಚ್ಚುತ್ತಿದ್ದ: ಕ್ರಿಸ್‌ಮಸ್‌ಗೆ ಕಟ್ಟಕಡೆ, ಕೊನೆಗೆ ಬರೀ 34 ಅಂಕಕ್ಕೇ ಪಾರು!

2023ರ ಮೇ 28, ಹಂಗಾಮಿನ ಕೊನೆಯ ದಿನ, ಎವರ್ಟನ್‌ನ ಅಂದಿನ ತವರು ಮೈದಾನ ಗುಡಿಸನ್ ಪಾರ್ಕ್. ಕಣ್ಣು ಬೋರ್ನ್‌ಮತ್ ಪಂದ್ಯದ ಮೇಲೆ, ಕಿವಿ ಲೆಸ್ಟರ್ ಕಡೆಗೆ. ಅಲ್ಲಿ ಲೆಸ್ಟರ್ ಮುಂದು, ಇಲ್ಲಿ ಜೀವ ಬಾಯಿಗೆ. 57ನೇ ನಿಮಿಷಕ್ಕೆ ಎವರ್ಟನ್‌ನ ಡುಕೂರೆ ದೂರದಿಂದಲೇ ಬೀಸಿ ಒದ್ದ, ಅದೊಂದೇ ಗೋಲು. 36 ಅಂಕ, 17ನೇ ಸ್ಥಾನ, ಕಪ್ ಗೆದ್ದಷ್ಟು ಕುಣಿತ. 2016ರ ಚಾಂಪಿಯನ್ ಲೆಸ್ಟರ್, ತನ್ನ ಪಂದ್ಯ ಗೆದ್ದೂ, 34 ಅಂಕಕ್ಕೆ ಹೊರಗೆ.

ಮುಂದಿನ ಹಂಗಾಮಿನಲ್ಲಿ ಎವರ್ಟನ್ ಅಷ್ಟಿಷ್ಟು ಚೆನ್ನಾಗಿಯೇ ಆಡಿತು. ಆಗ ಹಣಕಾಸಿನ ನಿಯಮ ಮೀರಿದ್ದಕ್ಕೆ ಒಟ್ಟು 8 ಅಂಕ ಕಡಿತ! ಪಾಪ, ಅಲ್ಲಿಯವರೆಗೆ ರೆಫರಿಯನ್ನಷ್ಟೇ ಬಯ್ಯುತ್ತಿದ್ದ ಅಭಿಮಾನಿ ಈಗ ಲೆಕ್ಕಪರಿಶೋಧಕರಿಗೂ ಬೈಗುಳ ಹುಡುಕಬೇಕಾಯಿತು.