ಅನ್ಯಜೋಡಿ ಪ್ರಕರಣದಲ್ಲಿ ವೆಜೀಟಾನ ಸ್ವಭಾವರಕ್ಷಣೆ: ಒಂದು ಶಾಸ್ತ್ರವಿಚಾರ

ಅಭಿಮಾನಿಗಳು ಬರೆಯುವ ಕಥೆಗಳಲ್ಲಿ, ಅಂದರೆ ಫ್ಯಾನ್‌ಫಿಕ್ ವಾಙ್ಮಯದಲ್ಲಿ, ಪಂಚಮಹಾಪಾತಕಗಳನ್ನು ಮೀರಿದ ಪಾತಕವೊಂದಿದೆ: ವೆಜೀಟಾನ ಬಾಯಲ್ಲಿ 'ಸಾರಿ ಚಿನ್ನಾ' ಅನ್ನಿಸುವುದು. ಬಲ್ಲವರು ಇದನ್ನು 'ಓಓಸಿ' (ಔಟ್ ಆಫ್ ಕ್ಯಾರೆಕ್ಟರ್), ಅಂದರೆ ಸ್ವಭಾವಭಂಗ, ಎನ್ನುತ್ತಾರೆ. ಉಳಿದ ಪಾತಕಗಳಿಗೆಲ್ಲ ಪ್ರಾಯಶ್ಚಿತ್ತ ವಿಧಿಸಿದ ಸ್ಮೃತಿಕಾರರು ಇದರ ಬಗ್ಗೆ ಮಾತ್ರ ಸುಮ್ಮನಿರುವುದರಿಂದ ಈ ಪ್ರಬಂಧ ಅನಿವಾರ್ಯವಾಗಿದೆ.

'ಡ್ರ್ಯಾಗನ್ ಬಾಲ್' ಎಂಬ ಜಪಾನಿ ಚಿತ್ರಕಥೆಯ (ಮಾಂಗಾದ) ಕರ್ತೃ ಅಕಿರಾ ತೊರಿಯಾಮಾ ಸೈಯನ್ ಕುಲದ ರಾಜಕುಮಾರ ವೆಜೀಟಾನನ್ನು ಬುಲ್ಮಾಳ ಕೊಟ್ಟಿಗೆಯಲ್ಲಿ ಕಟ್ಟಿದರು. ಅಭಿಮಾನಿ ಲೇಖಕಿ ಹಗ್ಗ ಬಿಚ್ಚಿ ಅವನನ್ನು ಆಂಡ್ರಾಯ್ಡ್ 18 ಎಂಬ ಅರೆಯಂತ್ರ ಯುವತಿಯ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಾಳೆ. ಕೊಟ್ಟಿಗೆ ಯಾವುದಾದರೂ ಹಾಯುವ ಗೂಳಿ ಹಾಯುತ್ತಲೇ ಇರಬೇಕಲ್ಲ, ಅದು ಹೇಗೆ?

ಇಲ್ಲಿ ಪೂರ್ವಪಕ್ಷ: ಕವಿ ಕೂಡಿಸಿದ ಜೋಡಿಯನ್ನು ಒಡೆಯುವುದೇ ಕಾವ್ಯದ್ರೋಹ. ಈ ಪೂರ್ವಪಕ್ಷಿ ಪಂಪನನ್ನು ಓದಿದವನಲ್ಲ. ಐವರ ಮಡದಿ ದ್ರೌಪದಿಯನ್ನು 941ರಷ್ಟು ಹಿಂದೆಯೇ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನೊಬ್ಬನಿಗೇ ಧಾರೆಯೆರೆದವನು ಪಂಪ. ಆದರೂ ಅವಳ ಮುಡಿ ಕಟ್ಟುವ ಹೊತ್ತಿಗೆ ಭೀಮನೇ ಬರುತ್ತಾನೆ. ಪಂಡಿತರು ಇದನ್ನು ಅಸಂಗತವೆಂದು ಆಕ್ಷೇಪಿಸಿದ್ದುಂಟು. ನಮ್ಮ ಶಾಸ್ತ್ರದ ಪ್ರಕಾರ ಅದೇ ಆದರ್ಶ: ಹೆಂಡತಿ ಹೋದಳು, ಭೀಮನ ಭೀಮತನ ಹೋಗಲಿಲ್ಲ.

ಇನ್ನು ತೊರಿಯಾಮಾರೇನು ಕಡಿಮೆಯೇ? 1984ರಲ್ಲಿ ಶುರುವಾದ ಕಥೆಯಲ್ಲಿ ಬುಲ್ಮಾಳ ಮೊದಲ ಜೋಡಿ ಯಾಮ್ಚಾ. ಮುಂದೊಮ್ಮೆ ಭವಿಷ್ಯದಿಂದ ಟ್ರಂಕ್ಸ್ ಎಂಬ ಹುಡುಗ ಬಂದು, ತಾನು ವೆಜೀಟಾ-ಬುಲ್ಮಾರ ಮಗನೆಂದು ಕಥಾನಾಯಕ ಗೊಕುವಿನ ಬಳಿ ಗುಟ್ಟು ಬಿಡುತ್ತಾನೆ. ಅಲ್ಲಿಂದ ಕಥೆ ಮೂರು ವರ್ಷ ಮುಂದಕ್ಕೆ ಜಿಗಿಯುತ್ತದೆ. ಬುಲ್ಮಾಳ ಕಂಕುಳಲ್ಲಿ ಕೂಸು! ಪ್ರಣಯ ಯಾವ ಪುಟದಲ್ಲಿ? ಯಾವ ಪುಟದಲ್ಲೂ ಇಲ್ಲ. ಬರೆದರೆ ವೆಜೀಟಾ ಉಳಿಯುವುದಿಲ್ಲವೆಂದು ಕರ್ತೃವಿಗೆ ಗೊತ್ತಿತ್ತು. ಆಮೇಲಾದರೂ ಅವನನ್ನು ಮೆತ್ತಗೆ ಮಾಡಿದರೇ? ಹೆಂಡತಿ, ಕೂಸು ಇದ್ದ ವಿಮಾನವನ್ನು ಖಳವಿಜ್ಞಾನಿ ಡಾ. ಗೆರೊ ಹೊಡೆದುರುಳಿಸಿದಾಗ ಮಹಾಶಯ ಕದಲಲೇ ಇಲ್ಲ. ದೊಡ್ಡ ಟ್ರಂಕ್ಸ್ ಹಾರಿಹೋಗಿ ಅಮ್ಮನ ಜೊತೆ ಕೂಸಾಗಿದ್ದ ತನ್ನನ್ನೂ ತಾನೇ ಕಾಪಾಡಿಕೊಳ್ಳಬೇಕಾಯಿತು.

ಮಜಿನ್ ಬೂ ಎಂಬ ರಾಕ್ಷಸನೊಡನೆ ಸಾಯಲು ಹೊರಟಾಗ ಮಾತ್ರ ವೆಜೀಟಾ ಮಗನನ್ನು ಅಪ್ಪಿಕೊಳ್ಳುತ್ತಾನೆ, ಅದೇ ಮೊದಲು. ಅಪ್ಪಿದ ಬೆನ್ನಿಗೇ ಕತ್ತಿಗೊಂದು ಏಟು ಕೊಟ್ಟು ಪ್ರಜ್ಞೆ ತಪ್ಪಿಸುತ್ತಾನೆ. ಸೂತ್ರ ಸಿದ್ಧವಾಯಿತು: ಒಂದು ಹನಿ ವಾತ್ಸಲ್ಯಕ್ಕೆ ಒಂದು ಏಟು, ಅದೂ ತಡಮಾಡದೆ.

ಇದನ್ನು 18ಕ್ಕೆ ಅನ್ವಯಿಸೋಣ. ಸೂಪರ್ ಸೈಯನ್ ಆದೆನೆಂದು ಬೀಗುತ್ತಿದ್ದವನ ತೋಳನ್ನು ಒದ್ದು ಮುರಿದವಳು ಅವಳು. 'ಅವಳ ನೀಲಿ ಕಣ್ಣಲ್ಲಿ ಅವನು ಕರಗಿಹೋದ' ಎಂದು ಬರೆದ ಲೇಖಕಿ ಅಲ್ಲೇ ಅನುತ್ತೀರ್ಣಳು. 300 ಪಟ್ಟು ಗುರುತ್ವದ ಕೋಣೆಯಲ್ಲಿ ಅವನು ಆ ಒದೆತವನ್ನು ತಡೆಯುವುದು ಹೇಗೆಂದು ರಾತ್ರಿಯೆಲ್ಲ ಅಭ್ಯಾಸ ಮಾಡಲಿ. ಮರುದಿನ ಅವಳು ಬಂದು 'ಎಡಗಾಲು ತಪ್ಪಿಟ್ಟಿದ್ದೀಯ' ಅನ್ನಲಿ. 'ನಿನ್ನನ್ನು ಕೇಳಿದವರಾರು' ಎಂದು ಅವನು ರೇಗಲಿ, ಆದರೆ ಎಡಗಾಲು ಸರಿಮಾಡಿಕೊಳ್ಳಲಿ. ಪ್ರೇಮಪತ್ರ ಅಷ್ಟೇ.

ಅಪವಾದವಿಲ್ಲವೇ? 2013ರ 'ಬ್ಯಾಟಲ್ ಆಫ್ ಗಾಡ್ಸ್' ಚಿತ್ರದಲ್ಲಿ ಇದೇ ರಾಜಕುಮಾರ ಬಿಂಗೊ ಹಾಡಿ ಕುಣಿಯುತ್ತಾನೆ. ಸ್ವಭಾವಭಂಗವೆಂದು ಕೂಗುವವರು ಕಾರಣ ನೋಡಲಿ: ವಿನಾಶದೇವತೆ ಬೀರಸ್ ಮುನಿದರೆ ಭೂಮಿಯೇ ಇರುವುದಿಲ್ಲ. ಅಷ್ಟು ಬೆಲೆ ತೆತ್ತರೆ ವೆಜೀಟಾನನ್ನು ಕುಣಿಸಬಹುದು. ಪ್ರೇಮಿಗಳ ದಿನಕ್ಕೆಲ್ಲ ಅವನು ಕುಣಿಯಲಾರ. ಅದೇ ಚಿತ್ರದಲ್ಲಿ ಬೀರಸ್ ಬುಲ್ಮಾಳ ಕೆನ್ನೆಗೆ ಬಾರಿಸಿದಾಗ ವೆಜೀಟಾ ಅವಳನ್ನು 'ನನ್ನ' ಬುಲ್ಮಾ ಎಂದು ಅಬ್ಬರಿಸುತ್ತಾನೆ. ಮೂಲ ಮಾಂಗಾ 1995ರಲ್ಲೇ ಮುಗಿದಿತ್ತು. ಲೆಕ್ಕ ಹಾಕಿದರೆ ಆ 'ನನ್ನ' ಬಂದದ್ದು 18 ವರ್ಷ ತಡ.

ಅಷ್ಟು ಕಾಯಲಾರದ ಲೇಖಕಿಯರು 18 ಅಧ್ಯಾಯವಾದರೂ ಕಾಯಬೇಕಾಗಿ ವಿನಂತಿ. ಇನ್ನೊಂದು: 18ರ ಗಂಡ ಕ್ರಿಲಿನ್ ದಾರಿಗಡ್ಡವಾದನೆಂದು ಆ ಸಾಧುಪ್ರಾಣಿಯನ್ನು ರಾತ್ರೋರಾತ್ರಿ ಕುಡುಕನನ್ನಾಗಿ, ಹೆಂಡತಿಗೆ ಹೊಡೆಯುವವನನ್ನಾಗಿ ಮಾಡಬೇಡಿ. ಬೇಕಿದ್ದರೆ ಕೊಲ್ಲಿಸಿ. ಸತ್ತು ಎದ್ದು ಬರುವುದು ಅವನಿಗೆ ಅಭ್ಯಾಸವಿದೆ.