ಪ್ರಗತಿರಾಯರ ಎಲ್‌ಕೆಜಿ

ಬೆಳಿಗ್ಗೆ ಎಂಟೂಕಾಲಕ್ಕೆ ಚೆನ್ನೈನ ಪಶ್ಚಿಮ ಮಾಂಬಲದಲ್ಲಿ ಯಾವ ನರ್ಸರಿ ಶಾಲೆಯ ಗೇಟಿನ ಮುಂದೆ ನಿಂತರೂ ಅವರು ಸಿಗುತ್ತಾರೆ. ಉಳಿದ ಅಪ್ಪಂದಿರು ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟುಹೋದ ಮೇಲೂ ಕಂಬಿಗಳ ನಡುವೆ ಮೂಗು ತೂರಿಸಿ ನಿಂತವರು ಅವರೇ. ಒಳಗೆ ಮಗು ಅಳು ನಿಲ್ಲಿಸಿ ಐದು ನಿಮಿಷವಾಗಿರುತ್ತದೆ. ಇವರದಿನ್ನೂ ನಿಂತಿರುವುದಿಲ್ಲ.

ಹೆಸರು ಬೀದಿಗೊಂದು ಇದ್ದೀತು. ನಾವು ಪ್ರಗತಿರಾಯರು ಎನ್ನೋಣ. ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲಿನ ಗಲ್ಲೆಯಲ್ಲಿ ಕೂತವರ ಮನೆತನ. ಅಜ್ಜ ಓದಿದ್ದು ಮೂರನೇ ಕ್ಲಾಸು, ಸಾಲ ವಸೂಲಿ ಮಾಡುತ್ತಿದ್ದುದು ನಾಲ್ಕು ಭಾಷೆಗಳಲ್ಲಿ. ಮೊಮ್ಮಗ ಎಂ.ಟೆಕ್., ಹಳೇ ಮಹಾಬಲಿಪುರಂ ರಸ್ತೆಯ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಆಫೀಸಿನಲ್ಲಿ ಕೈಕೆಳಗೆ ನಲವತ್ತು ಜನ. ಮನೆಯಲ್ಲಿರುವುದು ಒಬ್ಬನೇ, ನಾಲ್ಕು ವರ್ಷದ ಪುಟ್ಟ. ತೊಂದರೆ ಈ ಒಬ್ಬನದೇ: ಅವನಿಗೆ ಡೆಡ್‌ಲೈನಿನ ಭಯವಿಲ್ಲ.

ಶಾಲೆಗೆ ಸೇರಿಸುವಾಗಲೇ ರಾಯರಿಗೆ ಮೊದಲ ನಿರಾಸೆ ಕಾದಿತ್ತು. ಇಂಟರ್ವ್ಯೂಗೆಂದು ಅವರು ಮನೆಯಾಕೆಯನ್ನೂ ಕೂರಿಸಿಕೊಂಡು ತಿಂಗಳುಗಟ್ಟಲೆ ತಯಾರಿ ಮಾಡಿದ್ದರು. 'ನಿಮ್ಮ ಮಗು ಬಿದ್ದರೆ ನೀವೇನು ಮಾಡುತ್ತೀರಿ?' ಎಂಬ ಪ್ರಶ್ನೆಗೆ ಮೂರು ಉತ್ತರ ಸಿದ್ಧವಿತ್ತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಒಂದೊಂದಕ್ಕೂ 50,000ದವರೆಗೆ ದಂಡ. ವಿಜಯದಶಮಿಯ ದಿನ ಹೋದರು, ಫಾರಂ ತುಂಬಿದರು, ಸೀಟು ಸಿಕ್ಕಿತು. 'ಒಂದು ಪ್ರಶ್ನೆಯನ್ನಾದರೂ ಕೇಳಿ' ಎಂದು ರಾಯರು ಬೇಡಿಕೊಂಡರಂತೆ. ಆಫೀಸಿನವರು 'ಫೋಟೋ ತಂದಿದ್ದೀರಾ ಸಾರ್?' ಎಂದು ಕೇಳಿದರು. ಅದೊಂದು ಮರೆತುಹೋಗಿತ್ತು.

ಅವತ್ತೇ ಮನೆಯಲ್ಲಿ ಅಕ್ಷರಾಭ್ಯಾಸ. ತಟ್ಟೆಯಲ್ಲಿ ಅಕ್ಕಿ ಹರಡಿ ಅಜ್ಜಿ ಮೊಮ್ಮಗನ ಬೆರಳು ಹಿಡಿದು 'ಶ್ರೀ' ಬರೆಸಿದರು. ರಾಯರು ಅದರ ಪಕ್ಕದಲ್ಲಿ ಇಂಗ್ಲಿಷಿನ 'ಎ' ಬರೆಸಿದರು. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು ಕಲಿಕೆ ಕಡ್ಡಾಯ, ಹಾಗಾಗಿ ತಮಿಳಿನ 'ಅ' ಕೂಡ ಬಂತು. ತಟ್ಟೆಯಲ್ಲಿ ಜಾಗ ಮುಗಿಯಿತು. ಪುಟ್ಟ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡು ಸಮಾರಂಭವನ್ನು ಮುಕ್ತಾಯಗೊಳಿಸಿದ.

ಮರುದಿನದಿಂದ ಫ್ರಿಜ್ಜಿನ ಬಾಗಿಲ ಮೇಲೆ ಚಾರ್ಟು ಹತ್ತಿತು. ಸೋಮವಾರ ಫೋನಿಕ್ಸ್, ಮಂಗಳವಾರ ಅಬ್ಯಾಕಸ್, ಬುಧವಾರ ಶ್ಲೋಕ, ಗುರುವಾರ ಚೆಸ್. 2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ ಹದಿನೆಂಟನೇ ವಯಸ್ಸಿಗೆ ಚೆಸ್ ವಿಶ್ವಚಾಂಪಿಯನ್ ಆದಾಗ ಇಡೀ ನಗರ ಕುಣಿಯಿತು. ರಾಯರು ಮಾತ್ರ ಲೆಕ್ಕ ಹಾಕಿ, ಬೆವರೊರೆಸಿಕೊಂಡು, 'ನಮ್ಮವನಿಗೆ ಉಳಿದಿರುವುದು ಹದಿನಾಲ್ಕೇ ವರ್ಷ' ಎಂದರು. ಪುಟ್ಟನಿಗೆ ಚೆಸ್ ಇಷ್ಟವೇ. ಅವನ ಕುದುರೆ ಎರಡೂವರೆ ಮನೆಗೆಲ್ಲ ನಿಲ್ಲುವ ಜಾತಿಯದಲ್ಲ, ಓಡುತ್ತ ಹೋಗಿ ಸಾರಿನ ಪಾತ್ರೆಗೆ ಬೀಳುತ್ತದೆ. ಶುಕ್ರವಾರದ ಕಾಲಂ ಖಾಲಿಯಿತ್ತು. ಗಾಂಧೀಜಿ 1918ರಲ್ಲಿ ಸ್ಥಾಪಿಸಿದ ಹಿಂದಿ ಪ್ರಚಾರ ಸಭೆ ತ್ಯಾಗರಾಯನಗರದಲ್ಲೇ ಇದೆಯಲ್ಲ, ನಾಲ್ಕು ವರ್ಷದವರಿಗೆ ಏನಾದರೂ ಪರೀಕ್ಷೆ ಇದೆಯೇ ಎಂದು ವಿಚಾರಿಸುವುದರಲ್ಲಿದ್ದರು. ಅಷ್ಟರಲ್ಲಿ ರಾಯರ ಅಮ್ಮ ಗದರಿದರು: 'ಎಂತ ಮಾರಾಯ, ಅವನಿಗೆ ಹಲ್ಲಾದರೂ ಬೀಳಲಿ!'

ರಾಯರನ್ನು ಓದದವರೆಂದು ದೂರುವ ಹಾಗಿಲ್ಲ. ಮರಿಯಾ ಮೊಂಟೆಸ್ಸೊರಿ 1939ರ ನವೆಂಬರಿನಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇಲೆ ಇದೇ ಊರಿನ ಅಡ್ಯಾರಿಗೆ ಬಂದದ್ದು ಅವರಿಗೆ ಗೊತ್ತು. ಕೆಲವು ತಿಂಗಳಿಗೆಂದು ಬಂದಾಕೆ. ಅಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷರು ಆಕೆಯನ್ನು ಶತ್ರುದೇಶದ ಪ್ರಜೆಯೆಂದು ಎಣಿಸಿದರು, ಯುರೋಪಿಗೆ ಮರಳಿದ್ದು 1946ರಲ್ಲಿ. ಅಷ್ಟು ವರ್ಷ ಆಕೆ ಇಲ್ಲಿನ ಶಿಕ್ಷಕರಿಗೆ ಹೇಳಿಕೊಟ್ಟದ್ದರ ಸಾರವಿಷ್ಟು: ಸಾಮಾನು ಮಗುವಿನ ಕೈಗೆ ಕೊಡಿ, ನೀವು ದೂರ ಕೂತು ಗಮನಿಸಿ. ರಾಯರು ಈ ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ. ಕುರ್ಚಿಯನ್ನೂ ದೂರಕ್ಕೆ ಎಳೆದುಕೊಂಡಿದ್ದಾರೆ, ಸುಮಾರು ಒಂದು ಗೇಣು.

ಮೊಂಟೆಸ್ಸೊರಿಯ ಗುಲಾಬಿ ಗೋಪುರವನ್ನೂ ತರಿಸಿದರು. ಹತ್ತು ಘನಗಳು, ಅತಿ ಚಿಕ್ಕದರ ಬದಿ ಒಂದು ಸೆಂಟಿಮೀಟರ್, ಅತಿ ದೊಡ್ಡದರದು ಹತ್ತು. ದೊಡ್ಡದರಿಂದ ಚಿಕ್ಕದಕ್ಕೆ ಪೇರಿಸುತ್ತ ಹೋಗಬೇಕು. ತಪ್ಪಿದರೆ ಗೋಪುರವೇ ಸೊಟ್ಟಗೆ ಕಂಡು ಮಗುವಿಗೆ ಹೇಳುತ್ತದೆ. ಆ ಆಟದ ಜಾಣತನವೆಲ್ಲ ಇರುವುದು ಅಲ್ಲೇ. ಆದರೆ ರಾಯರು ಗೋಪುರಕ್ಕೆ ಬಾಯಿ ಬಿಡಲು ಅವಕಾಶ ಕೊಡಬೇಕಲ್ಲ! 'ಅದಲ್ಲ ಪುಟ್ಟಾ, ಇದು… ಇನ್ನೂ ಚಿಕ್ಕದು… ಹ್ಞಾಂ, ಸರಿಯಾಗಿ ನೋಡು.' ಐದನೆಯ ಘನಕ್ಕೆ ಪುಟ್ಟ, 'ಅಪ್ಪಾ, ನೀನೇ ಕಟ್ಟು' ಎಂದು ಗುತ್ತಿಗೆ ವಹಿಸಿಬಿಟ್ಟ. ಅಪ್ಪ ಬಹಳ ಅಂದವಾಗಿ ಕಟ್ಟಿದರು. ಫೋಟೋ ತೆಗೆದರು.

ಅವರು ಸ್ನಾನಕ್ಕೆ ಹೋದಮೇಲೆ ಪುಟ್ಟ ಗೋಪುರ ಕೆಡವಿ ಹೋಟೆಲು ತೆರೆದ. ದೊಡ್ಡ ಘನ ಗಲ್ಲಾಪೆಟ್ಟಿಗೆ, ನಡುವಿನವು ಇಡ್ಲಿ, ಚಿಕ್ಕವು ವಡೆ. ಗಿರಾಕಿ ಅಜ್ಜಿ. ಮೂರು ಇಡ್ಲಿ, ಎರಡು ವಡೆ ಬಡಿಸಿ, ಬೆರಳು ಮಡಚಿ 'ಐದು' ಎಂದ. ಆಮೇಲೆ ಬಿಲ್ಲು: 'ನೂರು ರೂಪಾಯಿ.'

'ಐದಕ್ಕೆ ಅಷ್ಟೊಂದಾ?'

'ಜಿಎಸ್‌ಟಿ ಅಜ್ಜಿ.'

ಸಂಜೆ ಚಾರ್ಟಿನಲ್ಲಿ ರಾಯರು ಬರೆದರು: 'ಗೋಪುರ: ಮಗು ಸಹಕರಿಸಲಿಲ್ಲ.'

ಮಾರ್ಗಳಿ ಮಾಸ ಬಂದಾಗ ಇನ್ನೊಂದು ಅವಘಡ. ನಸುಕಿಗೆದ್ದ ಪುಟ್ಟ ಪಕ್ಕದ ಮನೆಯ ಪಾಟಿಯ (ತಮಿಳು ಅಜ್ಜಿಯ) ಜೊತೆ ಬಾಗಿಲ ಮುಂದೆ ಕೋಲಂ ರಂಗೋಲಿ ಹಾಕಲು ಕೂತ. ನಡುವೆ ಏಳು ಚುಕ್ಕಿ, ಆ ಕಡೆ ಈ ಕಡೆ ಆರು, ಐದು, ನಾಲ್ಕು. ಒಟ್ಟು ಮೂವತ್ತೇಳು. ಒಂದು ಚುಕ್ಕಿ ಹೆಚ್ಚಾದರೂ ಗೆರೆ ಸುತ್ತಿ ಬಂದು ಕೂಡಿಕೊಳ್ಳುವುದಿಲ್ಲ. ತಪ್ಪನ್ನು ನೆಲವೇ ತೋರಿಸಿಕೊಡುತ್ತದೆ, ಗುಲಾಬಿ ಗೋಪುರ ತೋರಿಸಬೇಕಿದ್ದದ್ದೂ ಅದನ್ನೇ. ಪುಟ್ಟ ಎಣಿಸುತ್ತಿದ್ದಾನೆ, ಅಳಿಸುತ್ತಿದ್ದಾನೆ, ಪಾಟಿಯೊಂದಿಗೆ ತಮಿಳಿನಲ್ಲಿ ಜಗಳವಾಡಿ ಅಜ್ಜಿಗೆ ಕನ್ನಡದಲ್ಲಿ ಚಾಡಿ ಹೇಳುತ್ತಿದ್ದಾನೆ. ಯಾರಿಗೆ ಯಾವ ಭಾಷೆ ಎಂಬುದರಲ್ಲಿ ಒಮ್ಮೆಯೂ ಎಡವಿಲ್ಲ. ಆಗ ರಾಯರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದರು: 'ಪುಟ್ಟಾ! ಎದ್ದೇಳು, ಫ್ಲ್ಯಾಶ್ ಕಾರ್ಡ್ ಟೈಮ್! ಇವತ್ತು ಹತ್ತರಿಂದ ಇಪ್ಪತ್ತು!'

ಇಂಥ ರಾಯರನ್ನು ಪಳಗಿಸಬಲ್ಲವರು ಚೆನ್ನೈಯಲ್ಲಿ ಒಬ್ಬರೇ: ಎಲ್‌ಕೆಜಿ ಮಿಸ್. ಹತ್ತಿ ಸೀರೆ, ಜಡೆಯಲ್ಲಿ ಮಲ್ಲಿಗೆ, ಸೆರಗಿನ ತುದಿಯಲ್ಲಿ ಯಾರದೋ ಮೂಗಿನ ಗುರುತು. ಹೊಸ ಮಕ್ಕಳನ್ನು ಅವರು ಹೇಗೆ ಸುಧಾರಿಸುತ್ತಾರೋ ಅಪ್ಪಂದಿರನ್ನೂ ಹಾಗೆಯೇ: ದನಿ ತಗ್ಗಿಸುತ್ತಾರೆ, ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಕೈಗೊಂದು ಕೆಲಸ ಕೊಡುತ್ತಾರೆ. ಗೇಟು ಬಿಡದ ರಾಯರಿಗೆ ಒಂದು ದಿನ ಹೇಳಿದರು: 'ಸಾರ್, ಮಕ್ಕಳಿಗೆ ಎಣಿಸೋಕೆ ಬಾಟಲಿ ಮುಚ್ಚಳ ಬೇಕು. ನೂರು. ನಿಮ್ಮಿಂದ ಮಾತ್ರ ಸಾಧ್ಯ.' ಒಂದು ವಾರ ಗೇಟಿನಲ್ಲಿ ರಾಯರ ಸುಳಿವಿಲ್ಲ.

ಪೋಷಕರ ಸಭೆಗೆ ಅವರು ಪ್ರಶ್ನೆಗಳ ಪ್ರಿಂಟೌಟ್ ಹಿಡಿದು ಬಂದರು. 'ಮಿಸ್, ಇನ್ನೂ ಸಾಲುಗೆರೆಯೊಳಗೆ ಬರೆಯುವುದಿಲ್ಲ.'

'ನಾಲ್ಕು ವರ್ಷಕ್ಕೆ ಕೈ ತಯಾರಾಗಿರಲ್ಲ ಸಾರ್. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆ. ಈ ವಯಸ್ಸಲ್ಲಿ ಎಕ್ಸ್‌ರೇ ತೆಗೆದರೆ ಮೂರೋ ನಾಲ್ಕೋ ಕಾಣುತ್ತೆ. ಮಿಕ್ಕಿದ್ದು ಇನ್ನೂ ಮೆದು. ಜೇಡಿಮಣ್ಣು ಕಲಸಲಿ, ಅಜ್ಜಿ ಜೊತೆ ಬಟಾಣಿ ಬಿಡಿಸಲಿ.'

ರಾಯರು ಬರೆದುಕೊಂಡು ತಲೆಯೆತ್ತಿದರು. 'ಉಳಿದ ನಾಲ್ಕು ಬೇಗ ಬರೋಕೆ ಏನು ಕೊಡಬೇಕು ಮಿಸ್?'

ಮಿಸ್ ನಗಲಿಲ್ಲ. ಸರ್ವಿಸ್ ಅಂದರೆ ಅದು. ತಾವೇ ಒಂದು ಪ್ರಶ್ನೆ ಕೇಳಿದರು: 'ಕ್ಲಾಸಲ್ಲಿ ಪುಟ್ಟನ ಫ್ರೆಂಡ್ ಯಾರು ಸಾರ್?'

ರಾಯರು ಪ್ರಿಂಟೌಟ್ ತಿರುಗಿಸಿ ನೋಡಿದರು. ಹಿಂದೆಯೂ ಇರಲಿಲ್ಲ.

ಮಿಸ್ ಹೇಳಿದರು: ಹೊಸದಾಗಿ ಸೇರಿದ ಹುಡುಗನೊಬ್ಬ ದಿನಾ ಅಳುತ್ತಾನೆ. ಪುಟ್ಟ ಅವನ ಪಕ್ಕದಲ್ಲಿ ಕೂತು ಮುರುಕು ಮುರಿದು ಕೊಡುತ್ತಾನೆ. ಮೊನ್ನೆ ಅವನಿಗಾಗಿ ಹಲಗೆಯ ಮೇಲೆ ಚುಕ್ಕಿಯಿಟ್ಟು ಕೋಲಂ ತೋರಿಸಿಕೊಟ್ಟ. ಕ್ಲಾಸಿಗೆ ಕ್ಲಾಸೇ ಎಣಿಸಿತು. 'ಮನೇಲಿ ಯಾರೋ ಅವನ ಜೊತೆ ಚೆನ್ನಾಗಿ ಮಾತಾಡ್ತಾರೆ, ಕೈಗೆ ಕೆಲಸ ಕೊಡ್ತಾರೆ, ತಪ್ಪು ಮಾಡೋಕೆ ಬಿಡ್ತಾರೆ. ಅವರಿಗೆ ನನ್ನ ಥ್ಯಾಂಕ್ಸ್ ಹೇಳಿ ಸಾರ್. ನೀವು ಇಷ್ಟೇ ಮಾಡಿ: ದಿನಕ್ಕೆ ಅರ್ಧ ಗಂಟೆ ಅವನನ್ನ ಅವನ ಪಾಡಿಗೆ ಬಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತಿರಿ.'

ರಾಯರು ಒಪ್ಪಿದರು. ಮನಸಾರೆ ಒಪ್ಪಿದರು. ಮರುದಿನವೇ ಚಾರ್ಟಿನ ಶುಕ್ರವಾರದ ಕಾಲಂ ತುಂಬಿತು: '5.30ರಿಂದ 6.00: ಸುಮ್ಮನಿರುವುದು.' ಸ್ಟಾಪ್‌ವಾಚ್ ಹಿಡಿದು ಕೂತರು. ಪುಟ್ಟ ಅರ್ಧ ಗಂಟೆಯೂ ಇರುವೆಯ ಸಾಲು ನೋಡುತ್ತ ಕಳೆದ. ರಾಯರದು ನಾಲ್ಕು ನಿಮಿಷಕ್ಕೇ ಮುಗಿದಿತ್ತು. ಮುಂದಿನ ಇಪ್ಪತ್ತಾರು ನಿಮಿಷ ಇರುವೆಗೆ ಕಾಲೆಷ್ಟು, ಮೂರು ಇರುವೆಗೆ ಎಷ್ಟು ಎಂದು ಕೇಳುತ್ತಿದ್ದರು.

ಸೋಮವಾರ ಬೆಳಿಗ್ಗೆ ಎಂಟೂಕಾಲಕ್ಕೆ ಮಿಸ್ಸನ್ನು ಗೇಟಿನಲ್ಲೇ ಅಡ್ಡಹಾಕಿದರು. 'ಮಿಸ್, ಸುಮ್ಮನಿರುವುದರಲ್ಲಿ ನಾನು ಸ್ವಲ್ಪ ವೀಕು. ಇದಕ್ಕೆ ಅಡ್ಯಾರ್ ಕಡೆ ಯಾವುದಾದರೂ ಒಳ್ಳೇ ಕ್ಲಾಸ್ ಇದೆಯಾ?'

ಮಿಸ್ ಒಂದು ಗಳಿಗೆ ಅವರನ್ನೇ ನೋಡಿದರು. ದನಿ ತಗ್ಗಿಸಿದರು.

'ಖಂಡಿತ ವಿಚಾರಿಸ್ತೀನಿ ಸಾರ್. ಅಷ್ಟರಲ್ಲಿ ಇನ್ನೂ ಇನ್ನೂರು ಮುಚ್ಚಳ ಬೇಕಾಗಿತ್ತು.'