ಭಾವನ ಬೀಜೋಪಾಸನೆ

(ರಾಜಾಜಿನಗರದ ಒಂದು ಹೋಟೆಲು. ಭಾವ ಜೇಬಿನಿಂದ ಸಾಲಾಗಿ ಪೊಟ್ಟಣಗಳನ್ನು ತೆಗೆದಿಡುತ್ತಾರೆ. ಒಗ್ಗರಣೆ ಡಬ್ಬಿ ಮರೆತು ಬಂದವರಂತಿದ್ದಾರೆ.)

ಭಾಮೈದ: ಏನು ಭಾವ, ಕೈತೋಟಕ್ಕಾ?

ಭಾವ: ಶುಗರ್‌ಗೆ ಕಣಯ್ಯ! ಇದು ಚಿಯಾ. ಮೆಕ್ಸಿಕೋ ಮಾಲು.

ಭಾಮೈದ: ಎಚ್.ಡಿ. ಕೋಟೆ ಕಡೆ ನಮ್ಮ ರೈತರೇ ಬೆಳೀತಾರಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ತಳೀನೇ ಬಿಟ್ಟಿದಾರೆ.

ಭಾವ: ಮೆಲ್ಲಗೆ ಹೇಳು. ಮೆಕ್ಸಿಕೋ ರೇಟು ಕೊಟ್ಟಿದೀನಿ.

ಭಾಮೈದ: ಅಗಸೇನ ಇಡಿಯಾಗೇ ನುಂಗ್ತೀರಾ? ಪುಡಿ ಮಾಡದಿದ್ರೆ ಬಂದ ಹಾಗೇ ಹೊರಟುಹೋಗುತ್ತೆ.

ಭಾವ: ಹೋಗ್ಲಿ ಬಿಡು, ಒಂದು ಸಲ ಬಂದಿತ್ತಲ್ಲ.

ಭಾಮೈದ: ಮೆಂತ್ಯ?

ಭಾವ: ರಾತ್ರಿ ನೆನೆಸಿ ಬೆಳಗ್ಗೆ ತಿಂತೀನಿ. ಅದರ ಲೋಳೆ ನಾರು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಮಾಗಡಿ ರಸ್ತೆ ಟ್ರಾಫಿಕ್ಕು!

ಭಾಮೈದ: ನಿಧಾನವಾದ್ರೂ ಗಾಡಿ ಮನೆ ಸೇರುತ್ತೆ ಭಾವ. ಮಾತ್ರೆ ತಗೋತಿದೀರಾ?

ಭಾವ: ಬಿಟ್ಟೆ. ಬೀಜ ಇದೆಯಲ್ಲ.

ಭಾಮೈದ: ಡಾಕ್ಟ್ರು ಬಿಡಿ ಅಂದ್ರಾ?

ಭಾವ: ಅವರು ಎಚ್‌ಬಿಎ1ಸಿ ಮಾಡಿಸಿದ್ರು. ಚಾಡಿಕೋರ ಟೆಸ್ಟು ಕಣಯ್ಯ, ಎರಡು ಮೂರು ತಿಂಗಳ ಕಥೆ ಒಟ್ಟಿಗೆ ಹೇಳಿಬಿಡುತ್ತೆ! 6.5ಕ್ಕೇ ಸಕ್ಕರೆ ಕಾಯಿಲೆ ಅಂತಾರೆ, ನಂದು 8.5.

ಭಾಮೈದ: ಅಮ್ಮನ ಹುಚ್ಚೆಳ್ಳು ಚಟ್ನಿಪುಡೀಲೂ ಬೀಜಾನೇ ಇತ್ತು. ಜೊತೆಗೆ ಮುದ್ದೆ, ಸೊಪ್ಪು, ಹೊಲದ ಕೆಲಸ. ನಿಮ್ಮ ಬೀಜಕ್ಕೆ ಜೊತೆ ಯಾರು?

ಮಾಣಿ: ಏನ್ ಕೊಡ್ಲಿ ಸಾರ್?

ಭಾವ: ಚೌಚೌ ಬಾತ್. ಖಾರಾಬಾತ್ ಸ್ವಲ್ಪ ಸಾಕು. ಕೇಸರಿಬಾತ್ ಮೇಲೆ ಈ ಕುಂಬಳಬೀಜ ಉದುರಿಸಿಕೊಂಡು ಬಾರಪ್ಪ.